ಚಿಪ್ಪುಸುಣ್ಣದಿಂದ ಕಂಪ್ಯೂಟರಿನವರೆಗೆ: ಕಲೆ ಮತ್ತು ವಿಜ್ಞಾನದ ನಂಟು

ಕುಂದಾಪುರ: ಕಲಾ ಪ್ರದರ್ಶನ ಎಂದೊಡನೆ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಚೌಕಟ್ಟಿನ ಚಿತ್ರಗಳು ಕಣ್ಣಮುಂದೆ ಬರುವುದು ಸಹಜ. ಆದರೆ ಕಳೆದ ಆರು ದಶಕಗಳಲ್ಲಿ ಕಲೆಯ ಸಾಮಗ್ರಿ ಬಣ್ಣ ಮತ್ತು ಬಟ್ಟೆಗಳ ಎಲ್ಲೆಯನ್ನು ದಾಟಿ ಬಹುದೂರ ಸಾಗಿದೆ. ವಿಡಿಯೋ, ಧ್ವನಿ, ಸಂವೇದಕ, ಸೂಕ್ಷ್ಮಜೀವಿ, ಕಂಪ್ಯೂಟರಿನ ಲೆಕ್ಕಾಚಾರ, ಇತ್ತೀಚೆಗೆ ಕೃತಕ ಬುದ್ಧಿಮತ್ತೆ ಇವೆಲ್ಲವೂ ಕಲಾವಿದನ ಕೈಗೆ ಬಂದಿವೆ. ಪ್ರಯೋಗಾಲಯದಲ್ಲಿ ಮಾತ್ರ ಕೇಳಿಬರುತ್ತಿದ್ದ ಪ್ರಶ್ನೆಗಳು ಗ್ಯಾಲರಿಯಲ್ಲಿಯೂ ಕೇಳಿಬರುತ್ತಿವೆ.

ಇಂತಹ ಕಲೆ ಮಹಾನಗರಗಳಿಗೆ ಸೇರಿದ್ದು, ಹಳ್ಳಿ ಮತ್ತು ಸಣ್ಣ ಪಟ್ಟಣಗಳಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಮಟ್ಟಿಗೆ ಈ ಭಾವನೆ ಸರಿಯಲ್ಲ. ಸಾಮಗ್ರಿಯ ವಿಜ್ಞಾನವನ್ನು ಬಲ್ಲ ಕುಶಲಕರ್ಮಿಗಳು, ಯಂತ್ರಕ್ಕೆ ಹೆದರದ ಕಲಾವಿದರು ಈ ನೆಲದಲ್ಲಿ ಮೊದಲಿನಿಂದಲೂ ಇದ್ದಾರೆ. ಕೊರತೆ ಇರುವುದು ಬೇರೆ ಕಡೆ. ಕೃತಿಯನ್ನು ವಾರಗಟ್ಟಲೆ ಇರಿಸಿ, ಬಂದವರಿಗೆ ವಿವರಿಸಿ, ಅವರ ಪ್ರಶ್ನೆಗೆ ಉತ್ತರಿಸುವ ಜಾಗ ಮತ್ತು ಜನ ಕಡಿಮೆ. ಈ ಲೇಖನದಲ್ಲಿ ಕಲೆ ಮತ್ತು ವಿಜ್ಞಾನದ ನಂಟಿನ ಹಿನ್ನೆಲೆ, ಕರ್ನಾಟಕದಲ್ಲಿ ನಡೆದಿರುವ ಪ್ರಯೋಗಗಳು ಹಾಗೂ ನಮ್ಮ ಸೀಮೆಯಲ್ಲಿ ಇದಕ್ಕಿರುವ ಆಧಾರಗಳನ್ನು ಪರಿಚಯಿಸಲಾಗಿದೆ.

ಹಾಗೆಂದರೇನು?

ವಿಜ್ಞಾನ ಮತ್ತು ತಂತ್ರಜ್ಞಾನದೊಡನೆ ಬೆರೆತ ಸಮಕಾಲೀನ ಕಲೆಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ತಂತ್ರಜ್ಞಾನವನ್ನು ಉಪಕರಣವಾಗಿ ಬಳಸುವ ಕಲೆ. ಡಿಜಿಟಲ್ ಚಿತ್ರ, ವಿಡಿಯೋ ಕೃತಿ, ಬೆಳಕು ಮತ್ತು ಧ್ವನಿಯ ರಚನೆಗಳು ಈ ಗುಂಪಿಗೆ ಸೇರುತ್ತವೆ. ಕುಂಚದ ಬದಲು ಕ್ಯಾಮೆರಾ ಅಥವಾ ಕಂಪ್ಯೂಟರ್ ಬಂದಿರುತ್ತದೆ.

ಎರಡನೆಯದು, ವಿಜ್ಞಾನದ ವಿಚಾರವನ್ನೇ ವಸ್ತುವಾಗಿ ಉಳ್ಳ ಕಲೆ. ಕಡಲ ಮಟ್ಟದ ಏರಿಕೆ, ಸಾಂಕ್ರಾಮಿಕ ರೋಗ, ಮನುಷ್ಯನ ಮನಸ್ಸು, ಇಂಗಾಲದ ಚಕ್ರ ಮುಂತಾದ ವಿಷಯಗಳನ್ನು ಕಲಾವಿದರು ವಿಜ್ಞಾನಿಗಳೊಡನೆ ಕುಳಿತು ಅಭ್ಯಸಿಸಿ, ನೋಡುಗರಿಗೆ ಅನುಭವವಾಗುವಂತೆ ರಚಿಸುತ್ತಾರೆ.

ಮೂರನೆಯದು, ಪ್ರಯೋಗವೇ ಕಲೆಯಾಗುವ ಬಗೆ. ಇಲ್ಲಿ ಸಿದ್ಧ ವಸ್ತುವಿಗಿಂತ ಅದನ್ನು ಮಾಡುವ ಕ್ರಮ, ಆ ಕ್ರಮದಿಂದ ಏಳುವ ಪ್ರಶ್ನೆ ಮುಖ್ಯ. ಜೀವಕೋಶ, ಮಣ್ಣು, ನೀರು, ಸುಣ್ಣ ಮೊದಲಾದವುಗಳ ಗುಣವನ್ನು ಅರಿತು ಅವುಗಳೊಡನೆ ಕೆಲಸ ಮಾಡುವುದು ಇದರ ಲಕ್ಷಣ.

ಕೇವಲ ಹೊಸ ಯಂತ್ರವನ್ನು ತಂದಿರಿಸಿದ ಮಾತ್ರಕ್ಕೆ ಕೃತಿಯೊಂದು ಈ ವರ್ಗಕ್ಕೆ ಸೇರುವುದಿಲ್ಲ. ಜಾತ್ರೆಯ ವಿದ್ಯುದ್ದೀಪದ ಅಲಂಕಾರಕ್ಕೂ ಬೆಳಕಿನ ಕಲಾಕೃತಿಗೂ ಇರುವ ವ್ಯತ್ಯಾಸ ಪ್ರಶ್ನೆಯಲ್ಲಿದೆ. ಮೊದಲನೆಯದು ಕಣ್ಣನ್ನು ತಣಿಸುತ್ತದೆ. ಎರಡನೆಯದು ನೋಡಿದವನನ್ನು ಒಂದು ಪ್ರಶ್ನೆಯೊಡನೆ ಮನೆಗೆ ಕಳುಹಿಸುತ್ತದೆ.

ಹೊರಜಗತ್ತಿನ ಹಿನ್ನೆಲೆ

ಕಲಾವಿದರು ಮತ್ತು ಎಂಜಿನಿಯರುಗಳು ಸಮಾನ ಪಾಲುದಾರರಾಗಿ ಕೆಲಸ ಮಾಡಿದ ಮೊದಲ ದೊಡ್ಡ ಪ್ರಯತ್ನವೆಂದರೆ 1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ 'ನೈನ್ ಈವ್ನಿಂಗ್ಸ್' ಎಂಬ ಪ್ರದರ್ಶನ ಸರಣಿ. ಬೆಲ್ ಪ್ರಯೋಗಾಲಯದ ಎಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಕಲಾವಿದ ರಾಬರ್ಟ್ ರಾಷೆನ್‌ಬರ್ಗ್ ಇದರ ಮುಂದಾಳುಗಳು. 10 ಕಲಾವಿದರು ಮತ್ತು ಸುಮಾರು 30 ಎಂಜಿನಿಯರುಗಳು ಇದರಲ್ಲಿ ತೊಡಗಿಕೊಂಡಿದ್ದರು. 1968ರಲ್ಲಿ ಲಂಡನ್ನಿನಲ್ಲಿ ಯಾಸಿಯಾ ರೈಖಾರ್ಟ್ ಏರ್ಪಡಿಸಿದ 'ಸೈಬರ್ನೆಟಿಕ್ ಸೆರೆಂಡಿಪಿಟಿ' ಪ್ರದರ್ಶನವು ಕಂಪ್ಯೂಟರ್ ಮತ್ತು ಕಲೆಯ ನಂಟನ್ನು ಸಾರ್ವಜನಿಕರ ಮುಂದಿರಿಸಿತು. 1979ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ನಗರದಲ್ಲಿ ಆರಂಭವಾದ 'ಆರ್ಸ್ ಎಲೆಕ್ಟ್ರಾನಿಕಾ' ಉತ್ಸವ ಈ ಕ್ಷೇತ್ರದ ಪ್ರಮುಖ ವೇದಿಕೆಯಾಗಿ ಬೆಳೆಯಿತು.

ಭಾರತವೂ ಈ ಬೆಳವಣಿಗೆಯಿಂದ ದೂರ ಉಳಿದಿರಲಿಲ್ಲ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಸ್ಥಾಪನೆಗೊಂಡಿತ್ತು. ಕೇರಳದಲ್ಲಿ 2012ರಲ್ಲಿ ಆರಂಭವಾದ ಕೊಚ್ಚಿ ಮುಜಿರಿಸ್ ಬಿನಾಲೆ ಮತ್ತು ಗೋವಾದ ಪಣಜಿಯಲ್ಲಿ 2016ರಲ್ಲಿ ಆರಂಭವಾದ ಸೆರೆಂಡಿಪಿಟಿ ಕಲೋತ್ಸವಗಳು ಪಶ್ಚಿಮ ಕರಾವಳಿಗೇ ಇಂತಹ ಕೃತಿಗಳನ್ನು ತಂದಿವೆ. ಅಂದರೆ ನಮ್ಮ ಸೀಮೆಯ ಉತ್ತರಕ್ಕೂ ದಕ್ಷಿಣಕ್ಕೂ ಈ ಕಲೆಗೆ ನೆಲೆ ಸಿಕ್ಕಿದೆ.

ಕೊಲ್ಲೂರಿನ ಯಾತ್ರಿಕ, ಕೋಟದ ಪ್ರಯೋಗಶೀಲ

ನಮ್ಮ ಸೀಮೆಯ ಹಿನ್ನೆಲೆಯನ್ನು ನೋಡುವಾಗ ಎರಡು ಹೆಸರುಗಳನ್ನು ಮೊದಲು ನೆನೆಯಬೇಕಾಗುತ್ತದೆ.

ಚಿತ್ರಕಾರ ರಾಜಾ ರವಿವರ್ಮ ತಾರುಣ್ಯದಲ್ಲಿ, 1870ರ ಸುಮಾರಿಗೆ, ಇಂದಿನ ಬೈಂದೂರು ತಾಲೂಕಿಗೆ ಸೇರಿದ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಕೈಗೊಂಡಿದ್ದರೆಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಅಲ್ಲಿಂದ ಮರಳುವಾಗ ಕಲ್ಲಿಕೋಟೆಯಲ್ಲಿ ಅವರಿಗೆ ಸಂಭಾವನೆಯ ಮೊದಲ ಕೆಲಸ ದೊರೆಯಿತು. ಮುಂದೆ 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಮುದ್ರಣಾಲಯ ಸ್ಥಾಪಿಸಿ, ಜರ್ಮನಿಯ ಯಂತ್ರಗಳನ್ನು ತರಿಸಿ, ಕಲ್ಲಚ್ಚಿನ ವಿಧಾನದಲ್ಲಿ ಬಣ್ಣದ ಚಿತ್ರಗಳನ್ನು ಅಚ್ಚುಹಾಕಿಸಿದರು. ಅರಮನೆಯ ಗೋಡೆಯಲ್ಲಿದ್ದ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಮನೆಯ ದೇವರ ಕೋಣೆಗೆ ಬಂದದ್ದು ಹೀಗೆ. ಹೊಸ ತಂತ್ರಜ್ಞಾನವು ಕಲೆಯನ್ನು ಯಾರು ನೋಡಬಹುದು ಎಂಬುದನ್ನೇ ಬದಲಿಸಿದ ಉದಾಹರಣೆ ಇದು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನ ಸಂಗ್ರಹದಲ್ಲಿ ಇಂತಹ ಅಚ್ಚುಚಿತ್ರಗಳಿವೆ.

ಎರಡನೆಯ ಹೆಸರು, ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರದು. ಕಾದಂಬರಿಕಾರರೆಂದು ಪ್ರಸಿದ್ಧರಾದ ಕಾರಂತರು ಕನ್ನಡದ ಓದುಗರಿಗಾಗಿ 'ಬಾಲ ಪ್ರಪಂಚ'ದ 3 ಸಂಪುಟಗಳನ್ನೂ 'ವಿಜ್ಞಾನ ಪ್ರಪಂಚ'ದ 4 ಸಂಪುಟಗಳನ್ನೂ ಏಕಾಂಗಿಯಾಗಿ ಬರೆದವರು. ಚಿತ್ರ, ಶಿಲ್ಪ ಮತ್ತು ವಾಸ್ತುವಿನ ಮೇಲೆಯೂ ಗ್ರಂಥಗಳನ್ನು ರಚಿಸಿದರು. 1930ರ ಆಸುಪಾಸಿನಲ್ಲಿ ಮೂಕಿ ಚಲನಚಿತ್ರಗಳನ್ನು ತಯಾರಿಸಿದರು. ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು ಮತ್ತು ಸ್ಯಾಕ್ಸೋಫೋನನ್ನು ತಂದು ಸಂಪ್ರದಾಯನಿಷ್ಠರ ಟೀಕೆಗೂ ಗುರಿಯಾದರು. ಅವರ ಪ್ರಯೋಗಗಳನ್ನು ಒಪ್ಪುವುದು ಅಥವಾ ಬಿಡುವುದು ಬೇರೆ ಮಾತು. ಕಲೆ ಒಂದು ಕೋಣೆ, ವಿಜ್ಞಾನ ಇನ್ನೊಂದು ಕೋಣೆ ಎಂಬ ಗೋಡೆಯನ್ನು ಅವರು ಒಪ್ಪಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಇವರಿಬ್ಬರ ಜೊತೆಗೆ ಕುಂದಾಪುರ ತಾಲೂಕಿನ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟವನ್ನೂ ಹೆಸರಿಸಬೇಕು. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಈ ಯಕ್ಷಗಾನ ಗೊಂಬೆಯಾಟದಲ್ಲಿ ಮರದ ಗೊಂಬೆಯ ಕೈ, ಕಾಲು, ಕತ್ತುಗಳ ಚಲನೆ ದಾರಗಳ ಸಮತೋಲನವನ್ನು ಅವಲಂಬಿಸಿದೆ. ಯಾವ ದಾರ ಎಷ್ಟು ಎಳೆದರೆ ಗೊಂಬೆ ಎಷ್ಟು ಬಾಗುತ್ತದೆ ಎಂಬ ಜ್ಞಾನವು ಯಂತ್ರಶಾಸ್ತ್ರವೇ ಆಗಿದೆ. ಅದು ಪುಸ್ತಕದಲ್ಲಿ ಇರದೆ ಕೈಬೆರಳಿನಲ್ಲಿ ಉಳಿದಿದೆ.

ಕಾವಿ ಕಲೆ: ಗೋಡೆಯ ಮೇಲಿನ ರಸಾಯನಶಾಸ್ತ್ರ

ಕಲೆ ಮತ್ತು ವಿಜ್ಞಾನ ಒಂದೇ ಆಗಿರುವ ಸ್ಥಳೀಯ ಉದಾಹರಣೆಗಳಲ್ಲಿ ಮುಖ್ಯವಾದುದು ಕಾವಿ ಕಲೆ. ಗೋವಾ, ಉತ್ತರ ಕನ್ನಡ ಮತ್ತು ಉಡುಪಿ ಕರಾವಳಿಯ ದೇವಾಲಯಗಳು ಹಾಗೂ ಹಳೆಯ ಮನೆಗಳ ಗೋಡೆಗಳಲ್ಲಿ ಕಂಡುಬರುವ ಕೆಂಪು ಮತ್ತು ಬಿಳಿ ಬಣ್ಣದ ಭಿತ್ತಿಚಿತ್ರಗಳಿವು. ದೂರದಿಂದ ನೋಡಿದರೆ ಬಣ್ಣ ಬಳಿದಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಬಣ್ಣವನ್ನು ಬಳಿದದ್ದಲ್ಲ, ಕೆರೆದು ತೆಗೆದದ್ದು ಎಂಬುದು ತಿಳಿಯುತ್ತದೆ.

ಇದರ ಕ್ರಮ ಹೀಗಿದೆ. ಕಡಲತೀರ ಮತ್ತು ಅಳಿವೆಗಳಲ್ಲಿ ಸಿಗುವ ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ತಯಾರಿಸಲಾಗುತ್ತಿತ್ತು. ಆ ಸುಣ್ಣಕ್ಕೆ ತೊಳೆದ ಮರಳು ಮತ್ತು ಬೆಲ್ಲವನ್ನು ಸೇರಿಸಿ, ಸುಮಾರು ಎರಡು ವಾರ ಹುದುಗಲು ಬಿಟ್ಟು, ನುಣ್ಣಗೆ ಕುಟ್ಟಿ ಗಾರೆ ಸಿದ್ಧಪಡಿಸುತ್ತಿದ್ದರು. ಗೋಡೆಗೆ ಮೊದಲು ಬಿಳಿಯ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಬಣ್ಣ ಬೆರೆಸಿದ ತೆಳುವಾದ ಪದರ. ಮೇಲಿನ ಪದರ ಇನ್ನೂ ಹಸಿಯಾಗಿರುವಾಗಲೇ ಉಕ್ಕಿನ ಕಂಟದಿಂದ ಚಿತ್ರವನ್ನು ಗೀರಿ, ಬೇಡದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳುಪು ಹೊರಬೀಳುತ್ತದೆ. ಅನಂತರ ಹಲವು ದಿನ ನೀರು ಚಿಮುಕಿಸಿ ಗೋಡೆಯನ್ನು ಹದಗೊಳಿಸಲಾಗುತ್ತದೆ.

ಇದರ ಹಿಂದಿನ ವಿಜ್ಞಾನ ಸರಳವೂ ಸೊಗಸೂ ಆಗಿದೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟಾಗ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ನೀರು ಹಾಕಿದಾಗ ಅದು ಬಿಸಿಯೇರಿ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಮೆತ್ತಿದ ಬಳಿಕ ಆ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅರ್ಥಾತ್, ಕಡಲಿನಿಂದ ತಂದ ಚಿಪ್ಪು ಕಲಾವಿದನ ಕೈದಾಟಿ ಮತ್ತೆ ಚಿಪ್ಪಿನಂತೆಯೇ ಗಟ್ಟಿಯಾಗಿ ಗೋಡೆಯಲ್ಲಿ ಕೂರುತ್ತದೆ. ಬೆಲ್ಲವು ಗಾರೆ ಬೇಗ ಗಟ್ಟಿಯಾಗದಂತೆ ತಡೆದು ಗೀರುವ ಕೈಗೆ ಸಮಯ ಕೊಡುತ್ತದೆ. ಕೆಂಪು ಬಣ್ಣಕ್ಕೆ ಕಾರಣ ನಮ್ಮ ಮುರಕಲ್ಲಿನ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್. ಇದು ಬಿಸಿಲಿಗೆ ಮಾಸುವ ಬಣ್ಣವಲ್ಲ. ಮಳೆ ಮತ್ತು ಉಪ್ಪುಗಾಳಿಯ ಕರಾವಳಿಯಲ್ಲಿ ಈ ಗೋಡೆಗಳು ತಲೆಮಾರುಗಳ ಕಾಲ ಉಳಿದದ್ದರ ಗುಟ್ಟು ಇದೇ.

ಈ ಕಲೆಯನ್ನು ವಿದ್ವತ್ ಲೋಕದ ಗಮನಕ್ಕೆ ತಂದವರಲ್ಲಿ ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು (1934–2002) ಪ್ರಮುಖರು. ವೃತ್ತಿಯಿಂದ ವಿಜ್ಞಾನಿ, ಪ್ರವೃತ್ತಿಯಿಂದ ಛಾಯಾಗ್ರಾಹಕ, ಚಿತ್ರಕಾರ ಮತ್ತು ಲೇಖಕರಾಗಿದ್ದ ಅವರು ಊರೂರು ಅಲೆದು ಕಾವಿ ಗೋಡೆಗಳ ಚಿತ್ರ ತೆಗೆದು ದಾಖಲಿಸಿದರು. ನಮ್ಮ ಸೀಮೆಯಲ್ಲಿ ಹಾವಂಜೆಯ ಕಲಾವಿದ, ಸಂಶೋಧಕ ಜನಾರ್ದನ ಹಾವಂಜೆ ಅವರು ಕಾವಿ ಕಲೆಯ ಅಧ್ಯಯನ ಮತ್ತು ಪುನರುಜ್ಜೀವನದಲ್ಲಿ ತೊಡಗಿದ್ದಾರೆ. ಸಾಂಪ್ರದಾಯಿಕ ಕ್ರಮವನ್ನು ಅಭ್ಯಸಿಸಿ, ಅದನ್ನು ಇಂದಿನ ಕೃತಿಗಳಲ್ಲಿ ಬಳಸಿ, ಆಸಕ್ತರಿಗೆ ಕಾರ್ಯಾಗಾರಗಳ ಮೂಲಕ ಕಲಿಸುವ ಕೆಲಸ ಅವರಿಂದ ನಡೆದಿದೆ.

ಆದರೂ ಆತಂಕ ದೂರವಾಗಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಸುಣ್ಣದ ಗೋಡೆಗಳು ಉರುಳಿ ಶಿಲೆ ಮತ್ತು ಕಾಂಕ್ರೀಟಿನ ಕಟ್ಟಡಗಳು ಏಳುತ್ತಿವೆ. ಗೋಡೆ ಉಳಿದ ಕಡೆಗಳಲ್ಲಿಯೂ ಅದರ ಮೇಲೆ ಸಿಮೆಂಟ್ ಅಥವಾ ಪ್ಲಾಸ್ಟಿಕ್ ಗುಣದ ಬಣ್ಣ ಬಳಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಸುಣ್ಣದ ಪದರ ಉಬ್ಬಿ ಉದುರುತ್ತದೆ. ಭಕ್ತರ ಶ್ರದ್ಧೆಯಾಗಲಿ, ಆಡಳಿತ ಮಂಡಳಿಗಳ ಸದುದ್ದೇಶವಾಗಲಿ ಇಲ್ಲಿ ಪ್ರಶ್ನಾರ್ಹವಲ್ಲ. ಕೆಡವುವ ಮುನ್ನ ಗೋಡೆಯಲ್ಲಿ ಏನಿದೆ ಎಂದು ನೋಡುವ, ನೋಡಿದ್ದನ್ನು ದಾಖಲಿಸುವ ವ್ಯವಸ್ಥೆ ಇಲ್ಲದಿರುವುದೇ ಸಮಸ್ಯೆ.

ಇಲ್ಲಿ ಇಂದಿನ ತಂತ್ರಜ್ಞಾನದ ನೆರವು ದೊಡ್ಡದು. ಒಂದೇ ಗೋಡೆಯನ್ನು ಹಲವು ಕೋನಗಳಿಂದ ನೂರಾರು ಚಿತ್ರ ತೆಗೆದು, ತಂತ್ರಾಂಶದ ಮೂಲಕ ಜೋಡಿಸಿ, ಅಳತೆಸಹಿತವಾದ ಮೂರು ಆಯಾಮದ ಮಾದರಿಯನ್ನು ರಚಿಸಬಹುದು. ಗೋಡೆಯ ಬದಿಯಿಂದ ಓರೆಯಾಗಿ ಬೆಳಕು ಬಿಟ್ಟರೆ ಬರಿಗಣ್ಣಿಗೆ ಕಾಣದ ಗೀರುಗಳೂ ಎದ್ದು ತೋರುತ್ತವೆ. ಮೊಬೈಲ್ ಕ್ಯಾಮೆರಾದಿಂದಲೂ ಈ ಕೆಲಸದ ಮೊದಲ ಹಂತವನ್ನು ಮಾಡಬಹುದಾಗಿದೆ. ಗೋಡೆ ಉಳಿಯದಿದ್ದರೂ ರೇಖೆ ಉಳಿಯುತ್ತದೆ.

ಬೆಂಗಳೂರಿನ ಪ್ರಯೋಗಗಳು

ಕರಾವಳಿಯಲ್ಲಿ ಸಾಮಗ್ರಿ ಮತ್ತು ಪರಂಪರೆ ಇದ್ದರೆ, ಅಂತಹ ಸಾಮಗ್ರಿಯನ್ನು ಪ್ರದರ್ಶನವಾಗಿ ರೂಪಿಸುವ ಬಗೆಯನ್ನು ತಿಳಿಯಲು ರಾಜಧಾನಿಯ ಅನುಭವ ಉಪಯುಕ್ತವಾಗಿದೆ.

2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ಕಲಾವಿದ ಯಶಸ್ ಶೆಟ್ಟಿ ಅವರ ಮಾರ್ಗದರ್ಶನದಲ್ಲಿ ಅಮೆರಿಕದಲ್ಲಿ ನಡೆಯುವ ಅಂತಾರಾಷ್ಟ್ರೀಯ ಜೈವಿಕ ಎಂಜಿನಿಯರಿಂಗ್ ಸ್ಪರ್ಧೆಯಲ್ಲಿ ಪಾಲ್ಗೊಂಡರು. ಜೀವಶಾಸ್ತ್ರದ ವಿದ್ಯಾರ್ಥಿಗಳ ನಡುವೆ ಕಲಾಶಾಲೆಯ ಈ ತಂಡ ಆಯ್ದುಕೊಂಡ ವಸ್ತು, ಮೊದಲ ಮಳೆ ಬಿದ್ದಾಗ ಮಣ್ಣಿನಿಂದೇಳುವ ವಾಸನೆ. ಆ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ಪದಾರ್ಥವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಸಹಜವಾಗಿ ಉತ್ಪಾದಿಸುತ್ತವೆ. ಅದನ್ನು ಪ್ರಯೋಗಾಲಯದ ಬ್ಯಾಕ್ಟೀರಿಯಾದಿಂದ ಉತ್ಪಾದಿಸುವ ಪ್ರಯತ್ನವನ್ನು ತಂಡ ಕೈಗೊಂಡಿತು. ಮುಂಗಾರಿನ ನೆನಪನ್ನು ಶೀಷೆಯಲ್ಲಿ ತಯಾರಿಸಬಹುದೇ, ತಯಾರಿಸಿದರೆ ಅದು ಮಳೆಯೇ ಎಂಬುದು ವಿಜ್ಞಾನದ ಪ್ರಶ್ನೆಯೂ ಹೌದು, ಕಾವ್ಯದ ಪ್ರಶ್ನೆಯೂ ಹೌದು.

ಈ ಕ್ಷೇತ್ರಕ್ಕೆ ಸಾಂಸ್ಥಿಕ ನೆಲೆ ಒದಗಿಸಿದ್ದು ಸೈನ್ಸ್ ಗ್ಯಾಲರಿ ಬೆಂಗಳೂರು. 2008ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಆರಂಭವಾದ ಸೈನ್ಸ್ ಗ್ಯಾಲರಿಯ ಕಲ್ಪನೆಯನ್ನು ಅನುಸರಿಸಿ, ಕರ್ನಾಟಕ ಸರ್ಕಾರದ ಬೆಂಬಲದೊಡನೆ ಇದು ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯೂ ಇದರ ಶೈಕ್ಷಣಿಕ ಪಾಲುದಾರರಲ್ಲಿ ಒಂದು. ವಿಜ್ಞಾನದ ಇತಿಹಾಸಕಾರ್ತಿ ಜಾಹ್ನವಿ ಫಾಲ್ಕೆ ಇದರ ಸ್ಥಾಪಕ ನಿರ್ದೇಶಕಿ. ಸ್ವಂತ ಕಟ್ಟಡ ಸಿದ್ಧವಾಗುವ ಮೊದಲೇ ನೀರನ್ನು ಕುರಿತ 'ಸಬ್‌ಮರ್ಜ್', ಸಾಂಕ್ರಾಮಿಕವನ್ನು ಕುರಿತ 'ಕಂಟೇಜನ್', ಮನಸ್ಸನ್ನು ಕುರಿತ 'ಸೈಕಿ' ಪ್ರದರ್ಶನಗಳು ಬೇರೆ ಸ್ಥಳಗಳಲ್ಲಿ ಅಥವಾ ಅಂತರ್ಜಾಲದಲ್ಲಿ ನಡೆದವು. 2024ರಲ್ಲಿ ಬಳ್ಳಾರಿ ರಸ್ತೆಯ ಕಟ್ಟಡ ಇಂಗಾಲವನ್ನು ಕುರಿತ 'ಕಾರ್ಬನ್' ಪ್ರದರ್ಶನದೊಡನೆ ಸಾರ್ವಜನಿಕರಿಗೆ ತೆರೆದುಕೊಂಡಿತು.

ಕಟ್ಟಡಕ್ಕಿಂತಲೂ ಗಮನಿಸಬೇಕಾದದ್ದು ಇಲ್ಲಿನ ಕ್ರಮ. ಪ್ರತಿ ಪ್ರದರ್ಶನ ಒಂದು ವಿಷಯವನ್ನು ಆಯ್ದುಕೊಂಡು ತಿಂಗಳುಗಟ್ಟಲೆ ನಡೆಯುತ್ತದೆ. ತರಬೇತಿ ಪಡೆದ ಯುವಜನರು ಕೃತಿಗಳ ಬಳಿ ನಿಂತು ಬಂದವರೊಡನೆ ಮಾತನಾಡುತ್ತಾರೆ. ಕೃತಿಯ ಪಕ್ಕದ ಫಲಕ ಓದಿ ಮುಂದೆ ಸಾಗುವ ಬದಲು ನೋಡುಗ ನಿಂತು ಕೇಳುತ್ತಾನೆ. ಪ್ರವೇಶ ಉಚಿತ.

ದುಬಾರಿ ಯಂತ್ರ ಇಲ್ಲದೆಯೂ ಇಂತಹ ಕಲೆ ಸಾಧ್ಯ ಎಂಬುದಕ್ಕೆ ಬಾದಲ್ ನಂಜುಂಡಸ್ವಾಮಿ ಅವರ ಕೆಲಸ ಸಾಕ್ಷಿ. 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದರ ನೀರಿನಲ್ಲಿ ಅವರು ಮೊಸಳೆಯ ಪ್ರತಿಕೃತಿಯನ್ನು ಇರಿಸಿದ್ದು ಊರೆಲ್ಲ ಸುದ್ದಿಯಾಯಿತು. 2019ರಲ್ಲಿ ಚಂದ್ರಯಾನ-2 ಚಂದ್ರನನ್ನು ಸಮೀಪಿಸುತ್ತಿದ್ದ ದಿನಗಳಲ್ಲಿ ಗಗನಯಾತ್ರಿಯ ವೇಷದ ನಟರೊಬ್ಬರನ್ನು ಗುಂಡಿಬಿದ್ದ ರಸ್ತೆಯಲ್ಲಿ ರಾತ್ರಿ ನಡೆಸಿ ವಿಡಿಯೋ ಚಿತ್ರಿಸಿದರು. ನೋಡಿದವರಿಗೆ ಮೊದಲು ಚಂದ್ರನ ನೆಲವೇ ಕಂಡಿತು. ಪಕ್ಕದಲ್ಲಿ ಆಟೋರಿಕ್ಷಾ ಹಾದುಹೋದಾಗ ನಿಜ ತಿಳಿಯಿತು. ದೇಶದ ವೈಜ್ಞಾನಿಕ ಸಾಧನೆ ಮತ್ತು ಮನೆಮುಂದಿನ ರಸ್ತೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಇರಿಸಿದ ಕೃತಿ ಅದು.

ಸಾಮಗ್ರಿಯೇ ವಿಚಾರವಾಗುವುದಕ್ಕೆ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರ 'ಬಿಹೋಲ್ಡ್' ಉತ್ತಮ ನಿದರ್ಶನ. 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿತವಾದ ಈ ಕೃತಿಯಲ್ಲಿ ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ ಮತ್ತು ಕಾರುಗಳ ಉಕ್ಕಿನ ಬಂಪರುಗಳು ಮಾತ್ರ ಇದ್ದವು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕೂದಲಿನ ಹಗ್ಗ ಕಟ್ಟುವ ನಮ್ಮದೇ ರೂಢಿ ಅದರ ಮೂಲ. ಯಂತ್ರ ಮತ್ತು ನಂಬಿಕೆ ಒಂದೇ ರಸ್ತೆಯಲ್ಲಿ ಸಾಗುವ ನಾಡಿನಲ್ಲಿ ಕಲಾವಿದರಿಗೆ ವಸ್ತುವಿನ ಬಡತನವಿಲ್ಲ.

ಕೃತಕ ಬುದ್ಧಿಮತ್ತೆ ಮತ್ತು ಬಣ್ಣದ ವೇಷ

2018ರ ಅಕ್ಟೋಬರ್‌ನಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ರಚಿತವಾದ ಭಾವಚಿತ್ರವೊಂದು ಕ್ರಿಸ್ಟೀಸ್ ಹರಾಜಿನಲ್ಲಿ 4,32,500 ಡಾಲರಿಗೆ ಮಾರಾಟವಾದಾಗ ಜಗತ್ತು ಬೆರಗಾಗಿತ್ತು. ಅದೇ ವರ್ಷ ದೆಹಲಿಯ ಗ್ಯಾಲರಿಯೊಂದರಲ್ಲಿ ಇಂತಹ ಕೃತಿಗಳ ಸಾಮೂಹಿಕ ಪ್ರದರ್ಶನ ನಡೆಯಿತು. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಸಂಸ್ಥೆಯು ದಿವಂಗತ ಕಲಾವಿದ ಎಂ.ಎಫ್. ಹುಸೇನರ ಡಿಜಿಟಲ್ ಪ್ರತಿರೂಪವನ್ನು ಸಿದ್ಧಪಡಿಸಿ, ಸಂದರ್ಶಕರ ಪ್ರಶ್ನೆಗೆ ಅದು ಉತ್ತರಿಸುವ ವ್ಯವಸ್ಥೆ ಮಾಡಿತು.

ನಮ್ಮ ಸೀಮೆಯವರಿಗೆ ಇವೆಲ್ಲಕ್ಕಿಂತ ಹತ್ತಿರವಾದ ಕೃತಿ ಹರ್ಷಿತ್ ಅಗರ್‌ವಾಲ್ ಮತ್ತು ಜೊತೆಗಾರರ 'ಮಾಸ್ಕ್ಡ್ ರಿಯಾಲಿಟಿ'. ಪರದೆಯ ಮುಂದೆ ನಿಂತವರ ಮುಖವನ್ನು ಕಂಪ್ಯೂಟರ್ ಒಂದು ಕಡೆ ಕಥಕ್ಕಳಿಯ ಮುಖವಾಗಿ, ಇನ್ನೊಂದು ಕಡೆ ತೆಯ್ಯದ ಮುಖವಾಗಿ ಆ ಕ್ಷಣದಲ್ಲಿಯೇ ಮಾರ್ಪಡಿಸುತ್ತದೆ. ಎರಡು ಕಲೆಗಳ ಹಿಂದಿರುವ ಜಾತಿ ಮತ್ತು ಅಂತಸ್ತಿನ ವ್ಯತ್ಯಾಸವೂ ಅಲ್ಲಿ ಚರ್ಚೆಗೆ ಬರುತ್ತದೆ.

ಇಂತಹ ಕೃತಿ ನಾಳೆ ಬಡಗುತಿಟ್ಟಿನ ಬಣ್ಣದ ವೇಷವನ್ನು ಆಧರಿಸಿ ಬರುವುದು ಅಸಂಭವವೇನಲ್ಲ. ಆಗ ಕೆಲವು ಪ್ರಶ್ನೆಗಳು ಏಳುತ್ತವೆ. ಕಂಪ್ಯೂಟರಿಗೆ ಕಲಿಸಲು ಬಳಸುವ ಸಾವಿರಾರು ಚಿತ್ರಗಳು ಯಾರವು? ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಚಿಟ್ಟಿ ಇಡುವ ಕಲಾವಿದನಿಗೆ ಅದರಲ್ಲಿ ಪಾಲೇನು? ಕಾಲಮಿತಿಯ ಆಟಗಳಿಂದ ಬಣ್ಣದ ವೇಷದ ಅವಕಾಶಗಳು ಕುಗ್ಗಿವೆ ಎಂಬ ಮಾತು ಈಗಾಗಲೇ ಕೇಳಿಬರುತ್ತಿರುವಾಗ, ಯಂತ್ರದಲ್ಲಿ ಉಳಿದ ವೇಷ ರಂಗದಲ್ಲಿ ಉಳಿದಂತಾಗುತ್ತದೆಯೇ? ಇವುಗಳನ್ನು ಕೇಳಲು ತಕ್ಕವರು ಈ ಕಲೆಯನ್ನು ರಾತ್ರಿಯಿಡೀ ಕುಳಿತು ನೋಡಿದ ನಮ್ಮ ಜನರೇ. ಆದುದರಿಂದ ಇಂತಹ ಪ್ರದರ್ಶನಗಳು ನಮ್ಮೂರಿಗೆ ಬರಬೇಕು ಎಂಬುದು ಕೇವಲ ಅಭಿಮಾನದ ಮಾತಲ್ಲ.

ಪ್ರದರ್ಶನದ ಜಾಗ ಎಲ್ಲಿದೆ?

ಮೂರು ತಾಲೂಕುಗಳ ಕಲಾಸಕ್ತರಿಗೆ ಸುಸಜ್ಜಿತ ಗ್ಯಾಲರಿಗಳೆಂದರೆ ಉಡುಪಿ ಮತ್ತು ಮಣಿಪಾಲದ ಕಡೆ ಮುಖ ಮಾಡಬೇಕು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ ಅಂತಾರಾಷ್ಟ್ರೀಯ ಖ್ಯಾತಿ ಗಳಿಸಿದ ಕೆ.ಕೆ. ಹೆಬ್ಬಾರರ ಹೆಸರಿನ ಗ್ಯಾಲರಿ ಮತ್ತು ಕಲಾಕೇಂದ್ರ ಮಣಿಪಾಲದಲ್ಲಿದೆ. ಉಡುಪಿಯ ಬಡಗುಪೇಟೆಯ ಭಾಸ ಗ್ಯಾಲರಿಯಲ್ಲಿ ದೇಶೀಯ ಕಲೆಗಳ ಕಾರ್ಯಾಗಾರ ಮತ್ತು ಪ್ರದರ್ಶನಗಳು ನಡೆದಿವೆ. ಕೋಟತಟ್ಟಿನ ಕಾರಂತ ಥೀಮ್ ಪಾರ್ಕ್ ಸಾಂಸ್ಕೃತಿಕ ಚಟುವಟಿಕೆಗಳ ತಾಣವಾಗಿದೆ.

ಕುಂದಾಪುರಕ್ಕೆ ತನ್ನದೇ ಆದ ಹೆಗ್ಗಳಿಕೆಯೂ ಇದೆ. ಇಲ್ಲಿನ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಅವರು ಮುಂಬಯಿಯ ಪತ್ರಿಕೆಯ ಕೆಲಸ ಬಿಟ್ಟು ಊರಿಗೆ ಮರಳಿ, ಅಂತರ್ಜಾಲದ ಮೂಲಕ ಜಗತ್ತಿನ ಓದುಗರನ್ನು ತಲುಪಿದರು. ಕಲಾವಿದ ನಗರದಲ್ಲಿಯೇ ನೆಲೆಸಬೇಕೆಂಬ ಅನಿವಾರ್ಯತೆಯನ್ನು ತಂತ್ರಜ್ಞಾನ ತಗ್ಗಿಸಿದ್ದಕ್ಕೆ ಇದು ಕಣ್ಣೆದುರಿನ ಉದಾಹರಣೆ. ಕುಂದಾಪುರದಲ್ಲಿ ನಡೆದುಬಂದಿರುವ 'ಕಾರ್ಟೂನು ಹಬ್ಬ' ಸಣ್ಣ ಪಟ್ಟಣವೊಂದರಲ್ಲಿಯೂ ಕಲಾ ಪ್ರದರ್ಶನಕ್ಕೆ ಜನ ಸೇರುತ್ತಾರೆ ಎಂಬುದನ್ನು ತೋರಿಸಿಕೊಟ್ಟಿದೆ.

ಆದರೆ ಪಟ್ಟಣದ ಸಭಾಭವನಗಳಲ್ಲಿ ನಡೆಯುವ ಪ್ರದರ್ಶನಗಳಿಗೆ ಒಂದು ಮಿತಿ ಇದೆ. ಎರಡು ಮೂರು ದಿನಗಳ ಬಾಡಿಗೆ ಮುಗಿದೊಡನೆ ಮುಂದಿನ ಮದುವೆ ಅಥವಾ ಸಮಾರಂಭಕ್ಕೆ ಜಾಗ ಬಿಟ್ಟುಕೊಡಬೇಕು. ಚೌಕಟ್ಟಿನ ಚಿತ್ರಗಳನ್ನು ಬೆಳಿಗ್ಗೆ ತೂಗುಹಾಕಿ ಸಂಜೆ ಇಳಿಸಬಹುದು. ಧ್ವನಿ, ಬೆಳಕು, ಸಂವೇದಕಗಳ ಕೃತಿಯನ್ನು ಜೋಡಿಸುವುದಕ್ಕೇ ದಿನಗಳು ಬೇಕು. ಕತ್ತಲೆಯ ಕೋಣೆ, ಕಡಿತವಿಲ್ಲದ ವಿದ್ಯುತ್ತು, ತೇವದಿಂದ ರಕ್ಷಣೆ ಬೇಕು. ಮಳೆಗಾಲದ ನಾಲ್ಕು ತಿಂಗಳು ಕರಾವಳಿಯ ಗಾಳಿಯಲ್ಲಿ ವಿದ್ಯುನ್ಮಾನ ಉಪಕರಣಗಳನ್ನು ಕಾಪಾಡುವುದು ಸುಲಭದ ಕೆಲಸವಲ್ಲ.

ಸಾರ್ವಜನಿಕ ಗ್ಯಾಲರಿಯ ಬೆಲೆ ಏನೆಂಬುದು ಅದು ಕೈತಪ್ಪುವ ಸಂದರ್ಭದಲ್ಲಿ ತಿಳಿಯುತ್ತದೆ. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಪ್ರಸ್ತಾವ ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಹೆಸರಿಲ್ಲದ ಯುವ ಕಲಾವಿದನೂ ಕಡಿಮೆ ಬಾಡಿಗೆಯಲ್ಲಿ ತನ್ನ ಕೃತಿಯನ್ನು ತೋರಿಸಬಹುದಾದ ಜಾಗವದು ಎಂಬುದೇ ಅವರ ಮುಖ್ಯ ವಾದವಾಗಿತ್ತು. ಅಂತಹ ಜಾಗ ತಾಲೂಕು ಮಟ್ಟದಲ್ಲಿಯೂ ಅಗತ್ಯ.

ಪ್ರದರ್ಶನ ಏರ್ಪಡಿಸುವವರಿಗೆ

ಶಾಲೆ, ಕಾಲೇಜು, ಯುವಕ ಮಂಡಲ ಅಥವಾ ಗ್ರಾಮ ಪಂಚಾಯತುಗಳು ಸಣ್ಣ ಪ್ರಮಾಣದಲ್ಲಿ ಇಂತಹ ಪ್ರದರ್ಶನವನ್ನು ಏರ್ಪಡಿಸಲು ಈ ಅಂಶಗಳನ್ನು ಗಮನಿಸಬಹುದು.

• ಊರಿನದೇ ಒಂದು ವಿಷಯವನ್ನು ಆಯ್ದುಕೊಳ್ಳುವುದು. ಮರವಂತೆಯ ಕಡಲ್ಕೊರೆತ, ಗಂಗೊಳ್ಳಿಯ ಪಂಚಗಂಗಾವಳಿ ಸಂಗಮದ ಉಪ್ಪುನೀರು, ನದಿತೀರದ ಹಂಚಿನ ಕಾರ್ಖಾನೆಗಳ ಜೇಡಿಮಣ್ಣು, ಕಾವಿಯ ಸುಣ್ಣ ಇವು ಕೆಲವು ಉದಾಹರಣೆಗಳು.

• ಕಲಾವಿದ, ವಿಜ್ಞಾನದ ಅಧ್ಯಾಪಕ ಮತ್ತು ಆ ವೃತ್ತಿಯನ್ನು ಬಲ್ಲ ಹಿರಿಯ, ಮೂವರನ್ನೂ ಆರಂಭದಲ್ಲಿಯೇ ಒಂದೆಡೆ ಕೂರಿಸುವುದು. ಕೃತಿ ಸಿದ್ಧವಾದ ಬಳಿಕ ವಿಜ್ಞಾನಿಯಿಂದ ಭಾಷಣ ಮಾಡಿಸಿದರೆ ಪ್ರಯೋಜನವಿಲ್ಲ.

• ಬೇಸಗೆ ರಜೆಯಲ್ಲಿ ತೆರವಾಗಿರುವ ಶಾಲಾ ಕೊಠಡಿಗಳನ್ನು ಕನಿಷ್ಠ ಎರಡು ವಾರಗಳಿಗೆ ಬಳಸಿಕೊಳ್ಳುವುದು. ಇದರಿಂದ ಬಾಡಿಗೆಯ ಹೊರೆಯೂ ತಗ್ಗುತ್ತದೆ, ಮಳೆಯ ಭಯವೂ ಇರುವುದಿಲ್ಲ.

• ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗೆ ತರಬೇತಿ ನೀಡಿ ಕೃತಿಗಳ ವಿವರಣೆಗೆ ನಿಲ್ಲಿಸುವುದು. ವಿವರಣೆ ಕನ್ನಡದಲ್ಲಿರಲಿ, ಕುಂದಾಪ್ರ ಕನ್ನಡದಲ್ಲಿದ್ದರೆ ಇನ್ನೂ ಉತ್ತಮ.

• ಜನಪದ ಕಲಾವಿದರ ಚಿತ್ರ, ಧ್ವನಿ ಬಳಸುವುದಾದರೆ ಅವರ ಒಪ್ಪಿಗೆ ಪಡೆದು, ಹೆಸರು ನಮೂದಿಸಿ, ಸೂಕ್ತ ಸಂಭಾವನೆ ಕೊಡುವುದು.

• ಪ್ರದರ್ಶನ ಮುಗಿದ ಮೇಲೆ ಚಿತ್ರಗಳನ್ನೂ ಅಳತೆಗಳನ್ನೂ ಮಾಡಿದ ಕ್ರಮವನ್ನೂ ಬರೆದಿಟ್ಟು ಊರಿನ ಗ್ರಂಥಾಲಯಕ್ಕೆ ಒಪ್ಪಿಸುವುದು.

ಕಾವಿ ಗೋಡೆಯ ದಾಖಲಾತಿ ಈ ಎಲ್ಲ ಅಂಶಗಳಿಗೂ ಹೊಂದುವ ಮೊದಲ ಕೆಲಸವಾಗಬಲ್ಲದು. ಇದಕ್ಕೆ ಬೇಕಾಗುವುದು ಒಂದು ಕ್ಯಾಮೆರಾ, ಓರೆಬೆಳಕಿಗೆ ಒಂದು ಟಾರ್ಚು, ಸುಣ್ಣದ ಗುಣ ತಿಳಿಸಬಲ್ಲ ರಸಾಯನಶಾಸ್ತ್ರದ ಅಧ್ಯಾಪಕರು ಮತ್ತು ಕಂಟ ಹಿಡಿಯಲು ಕಲಿಸಬಲ್ಲ ಒಬ್ಬ ಕಲಾವಿದ. ಜೀರ್ಣೋದ್ಧಾರದ ಯೋಚನೆಯಲ್ಲಿರುವ ಆಡಳಿತ ಮಂಡಳಿಗಳು ಗೋಡೆಗೆ ಗುದ್ದಲಿ ಹಾಕುವ ಮೊದಲು ಅಂತಹ ತಂಡಕ್ಕೆ ಒಂದು ವಾರದ ಅವಕಾಶ ಕೊಟ್ಟರೆ, ಸುಣ್ಣ ಉದುರಿಹೋದ ಮೇಲೂ ಚಿತ್ರ ಮುಂದಿನವರಿಗೆ ದೊರೆಯುತ್ತದೆ.